ಹಳದಿ ಕೊರಳಿನ ಹಕ್ಕಿಯ ಗುರುತು

ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಬಂಡೆಗುಡ್ಡದ ಬುಡದಲ್ಲಿ ನೀವು ನಿಂತಿದ್ದೀರಿ ಎಂದುಕೊಳ್ಳಿ. ಬೆಳಗಿನ ಆರೂವರೆ ಗಂಟೆ. ಆನೆಯ ಬೆನ್ನಿನಂಥ ಬಂಡೆಗಳ ನಡುವಿನ ಪೊದೆಯಿಂದ ಒಂದು ಹಕ್ಕಿ ಹಾರಿ, ಇನ್ನೊಂದು ಪೊದೆಯೊಳಕ್ಕೆ ನುಗ್ಗಿ ಮರೆಯಾಯಿತು. ನೀವು ಕಂಡದ್ದು ಎರಡು ಕ್ಷಣ ಮಾತ್ರ. ಮೈ ಬೂದು, ಎಲ್ಲೋ ಒಂದು ಕಡೆ ಹಳದಿ. ಮನೆಗೆ ಬಂದು ಪುಸ್ತಕ ತೆರೆದಿರಿ. ಚಿತ್ರವೊಂದು ಕಣ್ಣಿಗೆ ಬಿತ್ತು. ಕೂಡಲೇ ಡೈರಿಯಲ್ಲಿ ‘ಈ ದಿನ ಹಳದಿ ಕೊರಳಿನ ಪಿಕಳಾರವನ್ನು ಕಂಡೆ’ ಎಂದು ಬರೆದಿರಿ. ಮರುದಿನ ನಿಮ್ಮ ಗೆಳೆಯ, ‘ಅದೇ ಹಕ್ಕಿ ಎಂದು ನಿನಗೆ ಹೇಗೆ ಗೊತ್ತು?’ ಎಂದು ಕೇಳುತ್ತಾನೆ. ಏನು ಹೇಳುವಿರಿ?

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇದಕ್ಕೆ ಸುಮಾರು ನೂರ ಎಂಬತ್ತು ವರ್ಷಗಳ ಇತಿಹಾಸವಿದೆ. ರಾಜರ, ಯುದ್ಧಗಳ ಇತಿಹಾಸವನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಗುಬ್ಬಿಗಿಂತ ತುಸು ದೊಡ್ಡದಾದ ಒಂದು ಹಾಡುಹಕ್ಕಿಯ ಹೆಸರಿಗೂ ಇತಿಹಾಸ ಇರುತ್ತದೆಂದು ನಿಮಗೆ ಯಾರೂ ಹೇಳಿರಲಾರರು.

ಮೊದಲು ಹಕ್ಕಿಯ ಪರಿಚಯ ಮಾಡಿಕೊಳ್ಳೋಣ. ಪಿಕಳಾರ ಎಂದರೆ ಬುಲ್‌ಬುಲ್. ನಿಮ್ಮ ಶಾಲೆಯ ಅಂಗಳದಲ್ಲಿ, ಮನೆಯ ಹಿತ್ತಲಿನಲ್ಲಿ ಕಪ್ಪು ತಲೆಯ, ಬಾಲದ ಬುಡದಲ್ಲಿ ಕೆಂಪು ಬಣ್ಣವಿರುವ ಪಿಕಳಾರವನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಹಳದಿ ಕೊರಳಿನ ಪಿಕಳಾರ ಅದರ ಹತ್ತಿರದ ಬಂಧು. ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 20 ಸೆಂಟಿಮೀಟರ್. ಆದರೆ ಸ್ವಭಾವ ಮಾತ್ರ ಬೇರೆ. ಅದು ಊರಿಗೆ ಬರುವುದಿಲ್ಲ, ಬಯಲಿಗೆ ಬರುವುದಿಲ್ಲ, ದಟ್ಟ ಕಾಡನ್ನೂ ಬಯಸುವುದಿಲ್ಲ. ಕುರುಚಲು ಗಿಡಗಳಿಂದ ಕೂಡಿದ ಬಂಡೆಗುಡ್ಡಗಳೇ ಅದರ ಮನೆ. ಇಡೀ ಪ್ರಪಂಚದಲ್ಲಿ ಅದು ಇರುವುದು ದಕ್ಷಿಣ ಭಾರತದ ಪರ್ಯಾಯದ್ವೀಪದಲ್ಲಿ ಮಾತ್ರ. ಅಲ್ಲಿಯೂ ಒಂದು ಗುಡ್ಡದಲ್ಲಿ ಇದ್ದು, ಮುಂದಿನ ಹತ್ತು ಮೈಲಿ ಇಲ್ಲದೆ, ಮತ್ತೊಂದು ಗುಡ್ಡದಲ್ಲಿ ಕಾಣಿಸಿಕೊಳ್ಳುತ್ತದೆ. ನಂದಿಬೆಟ್ಟ, ಸಾವನದುರ್ಗ, ರಾಮನಗರದ ಬೆಟ್ಟ, ನಮ್ಮ ಕಡೆಗೆ ಬಂದರೆ ಹಂಪಿ ಮತ್ತು ದರೋಜಿಯ ಬಂಡೆಗಳು ಅದರ ಪ್ರಸಿದ್ಧ ನೆಲೆಗಳು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದನ್ನು ಅಪಾಯದ ಅಂಚಿನಲ್ಲಿರುವ ಹಕ್ಕಿಗಳೊಂದಿಗೆ ಸೇರಿಸಿದ್ದಾರೆ.

ಭೂಗೋಳ ಓದುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬಹುದು. ರಾಮನಗರದ ಸುತ್ತಿನಿಂದ ಹೊರಟು ಪಾವಗಡ, ಮೊಳಕಾಲ್ಮುರು, ಕೂಡ್ಲಿಗಿ, ಹಂಪಿಯ ಕಡೆಗೆ ಉತ್ತರಾಭಿಮುಖವಾಗಿ ಸಾಗುವ ಒಂದು ಗ್ರಾನೈಟ್ ಶಿಲೆಯ ಪಟ್ಟಿ ಇದೆ. ಸುಮಾರು 250 ಕೋಟಿ ವರ್ಷಗಳ ಹಿಂದಿನದು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. (ಬ್ಯಾರಿ ಕ್ಲೋಸ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನಿಂದ ಬಂದ ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಊರಿನ ಹೆಸರು ಹೋಯಿತು, ಕಲ್ಲಿಗೆ ಉಳಿಯಿತು!) ಈ ಶಿಲೆ ಬಿರಿದು, ಸವೆದು, ಗುಂಡುಗುಂಡಾದ ಬಂಡೆಗಳಾಗಿ ಒಂದರ ಮೇಲೊಂದು ಕುಳಿತಿದೆ. ಬಂಡೆಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ, ಮಣ್ಣು ಸೇರುತ್ತದೆ, ಅತ್ತಿ-ಗೋಳಿಯ ಜಾತಿಯ ಮರಗಳೂ ಮುಳ್ಳುಪೊದೆಗಳೂ ಬೆಳೆಯುತ್ತವೆ. ನಮ್ಮ ಹಕ್ಕಿಗೆ ಹಣ್ಣು, ಹುಳು, ನೆರಳು ಮೂರೂ ಅಲ್ಲಿಯೇ ಸಿಗುತ್ತವೆ. ಕಲ್ಲಿನ ಚರಿತ್ರೆಯನ್ನು ತಿಳಿದವನಿಗೆ ಈ ಹಕ್ಕಿಯನ್ನು ಎಲ್ಲಿ ಹುಡುಕಬೇಕೆಂಬುದು ಅರ್ಧ ತಿಳಿದಂತೆಯೇ ಸರಿ.

ಇನ್ನು ಹೆಸರಿನ ಕಥೆ. ಥಾಮಸ್ ಕ್ಯಾವರ್‌ಹಿಲ್ ಜರ್ಡನ್ ಎಂಬಾತ 1811ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ವೈದ್ಯನಾಗಿ 1836ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂದ. ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಹಕ್ಕಿಗಳ ಹುಚ್ಚ. ನೆಲ್ಲೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಅದರ ಪಶ್ಚಿಮಕ್ಕಿರುವ ಪೂರ್ವಘಟ್ಟದ ಗುಡ್ಡಗಳಿಂದ ಅವನಿಗೆ ಒಂದು ಪಿಕಳಾರ ದೊರೆಯಿತು. ಅದನ್ನು ಹೊಸ ಜಾತಿಯೆಂದು ಅವನು ವರ್ಣಿಸಿದ್ದು 1845ರಲ್ಲಿ. ಇಂದು ಅದರ ವೈಜ್ಞಾನಿಕ ಹೆಸರು ಪಿಕ್ನೊನೋಟಸ್ ಕ್ಸಾಂಥೊಲೀಮಸ್. ಗಾಬರಿಯಾಗಬೇಡಿ, ಗ್ರೀಕ್ ಭಾಷೆಯಲ್ಲಿ ಕ್ಸಾಂಥೋಸ್ ಎಂದರೆ ಹಳದಿ, ಲೈಮೋಸ್ ಎಂದರೆ ಕೊರಳು. ನಮ್ಮ ‘ಹಳದಿ ಕೊರಳು’ ಎಂಬುದೇ ಅಲ್ಲಿಯೂ ಇದೆ.

ಆದರೆ ಜರ್ಡನ್ ಹೆಸರಿಡುವ ಮೊದಲು ಈ ಹಕ್ಕಿಗೆ ಹೆಸರೇ ಇರಲಿಲ್ಲವೆ? ಇತ್ತು. ಅವನೇ ಬರೆದಿಟ್ಟಿರುವ ತೆಲುಗು ಹೆಸರು ‘ಕೊಂಡ ಪೊದ ಪಿಗ್ಲಿ’. ಪಿಗ್ಲಿ ಎಂದರೆ ಪಿಕಳಾರ, ಪೊದ ಎಂದರೆ ಪೊದೆ, ಕೊಂಡ ಎಂದರೆ ಗುಡ್ಡ. ಬಯಲಿನ ಪೊದೆಯಲ್ಲಿರುವ ಇನ್ನೊಂದು ಪಿಕಳಾರಕ್ಕೆ ಬರೀ ‘ಪೊದ ಪಿಗ್ಲಿ’. ಅಂದರೆ ಹಕ್ಕಿ ಹಿಡಿಯುವ ಆ ಜನರಿಗೆ ಇವೆರಡೂ ಬೇರೆಬೇರೆ ಎಂದೂ, ಒಂದು ಪೊದೆಯದು, ಇನ್ನೊಂದು ಗುಡ್ಡದ್ದು ಎಂದೂ ಮೊದಲೇ ತಿಳಿದಿತ್ತು. ಇಂಗ್ಲಿಷ್ ಹೆಸರು, ಗ್ರೀಕ್ ಹೆಸರು ಎರಡೂ ಬಣ್ಣವನ್ನಷ್ಟೇ ಹೇಳುತ್ತವೆ. ತೆಲುಗು ಹೆಸರು ನೆಲೆಯನ್ನು ಹೇಳುತ್ತದೆ. ಗುರುತಿಸುವವನಿಗೆ ಇವುಗಳಲ್ಲಿ ಯಾವುದು ಹೆಚ್ಚು ಉಪಯುಕ್ತ ಎಂದು ಕೇಳಿದರೆ ನಾನು ತೆಲುಗು ಹೆಸರಿನ ಪಕ್ಷ.

ಜರ್ಡನ್ನನ ಹಿಂದೆ ಇನ್ನೊಬ್ಬನಿದ್ದ. ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಕದನದ ಪಾಠ ನಿಮಗೆ ನೆನಪಿರಬೇಕು. ಥ್ಯಾಕರೆ ಸತ್ತ ಆ ದಿನ ರಾಣಿ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಈ ಎಲಿಯಟ್. ಆಗ ಅವನಿಗೆ ಇಪ್ಪತ್ತರ ಹರೆಯ. ಬಿಡುಗಡೆಯಾಗಿ ಬಂದವನು ಮುಂದೆ ಧಾರವಾಡದ ಸೀಮೆಯಲ್ಲಿ ಕೆಲಸ ಮಾಡುತ್ತ ಶಾಸನಗಳನ್ನು ಸಂಗ್ರಹಿಸಿದ, ಪ್ರಾಣಿಗಳ ಪಟ್ಟಿ ಮಾಡಿದ. 1839ರಲ್ಲಿ ಅವನು ಪ್ರಕಟಿಸಿದ ಸಸ್ತನಿಗಳ ಪಟ್ಟಿಯಲ್ಲಿ ಕನ್ನಡದ ಹೆಸರುಗಳೂ ಇವೆ. ಜರ್ಡನ್ನನ ಹಕ್ಕಿಗಳ ಕೆಲಸಕ್ಕೆ ಎಲಿಯಟ್ಟನ ನೆರವಿತ್ತು. ಜರ್ಡನ್ 1843ರಿಂದ 1847ರವರೆಗೆ ಬಿಡಿಬಿಡಿಯಾಗಿ ತಂದ ಐವತ್ತು ಬಣ್ಣದ ಚಿತ್ರಗಳ ಪಕ್ಷಿಗ್ರಂಥದಲ್ಲಿ ಹೆಚ್ಚಿನವು ಭಾರತೀಯ ಚಿತ್ರಕಾರರು ಬರೆದ ಚಿತ್ರಗಳು. ಹಕ್ಕಿ ಹಿಡಿದವರು ನಮ್ಮವರು, ಬರೆದವರು ನಮ್ಮವರು; ಮುಖಪುಟದ ಮೇಲಿನ ಹೆಸರು ಮಾತ್ರ ವೈದ್ಯನದು. ಇದು ದೂರಲ್ಲ, ಆ ಕಾಲದ ಪುಸ್ತಕಗಳನ್ನು ಹೇಗೆ ಓದಬೇಕು ಎಂಬುದಕ್ಕೊಂದು ಸೂಚನೆ ಅಷ್ಟೇ.

ಆ ಕಾಲದಲ್ಲಿ ಹಕ್ಕಿಯನ್ನು ಗುರುತಿಸುವುದೆಂದರೆ ಬಂದೂಕಿನಿಂದ ಹೊಡೆಯುವುದು. ಹೊಡೆದ ಹಕ್ಕಿಯ ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟುತ್ತಿದ್ದರು. ಚೀಟಿಯಲ್ಲಿ ಊರು, ದಿನಾಂಕ, ಸಂಗ್ರಹಿಸಿದವರ ಹೆಸರು. ಇಂದು ನಮಗೆ ಇದು ಕ್ರೂರವಾಗಿ ಕಾಣುತ್ತದೆ. ಆದರೆ ಒಂದು ಮಾತನ್ನು ಒಪ್ಪಬೇಕು: ಚರ್ಮ ಕೈಯಲ್ಲಿದ್ದರೆ ನೂರು ವರ್ಷದ ನಂತರವೂ ಯಾರಾದರೂ ಮತ್ತೆ ನೋಡಿ, ‘ಹೌದು’ ಅಥವಾ ‘ಅಲ್ಲ’ ಎನ್ನಬಹುದಿತ್ತು. ನಿಮ್ಮ ಡೈರಿಯ ಒಂದು ಸಾಲಿಗೆ ಆ ಅನುಕೂಲ ಇಲ್ಲ.

ಇನ್ನು ನಮ್ಮ ಸೀಮೆಯ ವಿಷಯಕ್ಕೆ ಬರೋಣ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು 1800ರಲ್ಲಿ ನಿಜಾಮನಿಂದ ಕಂಪನಿಗೆ ಸೇರಿದ ಪ್ರದೇಶಗಳು; ಅಲ್ಲಿಂದ 1953ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದ್ರಾಸಿನ ಆಡಳಿತದಲ್ಲಿದ್ದವು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹಕ್ಕಿಗೂ ಇದಕ್ಕೂ ಏನು ಸಂಬಂಧ ಎನ್ನುವಿರಾ? ಸಂಬಂಧವಿದೆ. ಸಲೀಂ ಅಲಿಯವರು 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1939-40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಸಿದರು. ಎರಡೂ ಸಂಸ್ಥಾನಗಳ ನೆರವಿನಿಂದ ನಡೆದ ಕೆಲಸಗಳು. ನಕಾಶೆ ತೆಗೆದು ನೋಡಿ: ಉತ್ತರದಲ್ಲಿ ತುಂಗಭದ್ರೆಯ ಆಚೆ ನಿಜಾಮನ ಸೀಮೆ, ದಕ್ಷಿಣದಲ್ಲಿ ಚಿತ್ರದುರ್ಗದಿಂದ ಆಚೆಗೆ ಮೈಸೂರು. ನಡುವೆ ಬಳ್ಳಾರಿ. ಹಕ್ಕಿಗೆ ಗಡಿ ಗೊತ್ತಿಲ್ಲ, ನಿಜ. ಆದರೆ ಹಕ್ಕಿಯ ದಾಖಲೆಗೆ ಗಡಿ ಇರುತ್ತದೆ. ಹಳೆಯ ಪಟ್ಟಿಗಳಲ್ಲಿ ಒಂದು ತಾಲ್ಲೂಕಿನ ಹೆಸರು ಕಾಣದಿದ್ದರೆ ಅಲ್ಲಿ ಹಕ್ಕಿ ಇರಲಿಲ್ಲ ಎಂದು ತೀರ್ಮಾನಿಸಬಾರದು. ನೋಡುವವರು ಅಲ್ಲಿಗೆ ಹೋಗಿರಲಿಲ್ಲ ಎಂದೂ ಅದರ ಅರ್ಥವಿರಬಹುದು.

1941ರಲ್ಲಿ ಸಲೀಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕ ಹೊರಬಂದ ಮೇಲೆ ಬಂದೂಕಿನ ಜಾಗವನ್ನು ನಿಧಾನವಾಗಿ ದುರ್ಬೀನು ತೆಗೆದುಕೊಂಡಿತು. 1970ರ ದಶಕದಲ್ಲಿ ಬೆಂಗಳೂರಿನ ಪಕ್ಷಿವೀಕ್ಷಕರು ಸಂಘ ಕಟ್ಟಿಕೊಂಡು ನಂದಿಬೆಟ್ಟಕ್ಕೆ ಹೋಗಿಬರತೊಡಗಿದರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬಗ್ಗೆ ಪುಸ್ತಕಗಳನ್ನು ಬರೆದು, ಇಂಗ್ಲಿಷ್ ಬಾರದ ಹುಡುಗರ ಕೈಗೂ ಈ ವಿದ್ಯೆಯನ್ನು ಕೊಟ್ಟರು. ಹಳದಿ ಕೊರಳಿನ ಪಿಕಳಾರವನ್ನೇ ಕುರಿತು ಎಸ್. ಸುಬ್ರಮಣ್ಯ, ಜೆ. ಎನ್. ಪ್ರಸಾದ್, ಎಸ್. ಕಾರ್ತಿಕೇಯನ್ ಅವರು ದಕ್ಷಿಣ ಭಾರತದ ಗುಡ್ಡಗಳನ್ನೆಲ್ಲ ಗಣನೆಗೆ ತೆಗೆದುಕೊಂಡು ಮಾಡಿದ ಅಧ್ಯಯನ 2006ರಲ್ಲಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಪರೂಪದ ಹಕ್ಕಿ ಎಂದುಕೊಂಡದ್ದು ಸರಿಯಾದ ಗುಡ್ಡದಲ್ಲಿ, ಸರಿಯಾದ ಹೊತ್ತಿನಲ್ಲಿ ಹುಡುಕಿದರೆ ಸಿಗುತ್ತದೆ ಎಂಬುದು ಇಂಥ ಕೆಲಸದಿಂದಲೇ ತಿಳಿದದ್ದು.

ಈಗ ಮತ್ತೆ ಆ ಗುಡ್ಡದ ಬುಡಕ್ಕೆ ಹೋಗೋಣ. ನಿಮ್ಮ ಗೆಳೆಯನ ಪ್ರಶ್ನೆ ಹಾಗೆಯೇ ಉಳಿದಿದೆ.

ಮೊದಲ ನಿಯಮ: ಅಪರೂಪದ ಹಕ್ಕಿ ಕಂಡಿತೆಂದು ಅನ್ನಿಸಿದಾಗ ಮೊದಲು ಸಾಮಾನ್ಯ ಹಕ್ಕಿಯನ್ನು ನೆನೆಯಿರಿ. ನಮ್ಮ ಕುರುಚಲು ಕಾಡಿನಲ್ಲಿ ಎಲ್ಲೆಲ್ಲೂ ಇರುವುದು ಬಿಳಿಹುಬ್ಬಿನ ಪಿಕಳಾರ. ತೆಲುಗಿನವರ ಪೊದ ಪಿಗ್ಲಿ ಅದೇ. ಗಾತ್ರ ಒಂದೇ, ಎರಡಕ್ಕೂ ಜುಟ್ಟಿಲ್ಲ, ಎರಡೂ ಪೊದೆಯಲ್ಲಿ ಅಡಗುತ್ತವೆ. ಎರಡಕ್ಕೂ ಬಾಲದ ಬುಡದ ಕೆಳಗೆ ಹಳದಿ ಇದೆ. ಅಷ್ಟೇ ಏಕೆ, ಬಿಳಿಹುಬ್ಬಿನದರ ಗದ್ದದ ಬಳಿಯೂ ತುಸು ಹಳದಿ ಛಾಯೆ ಇರುತ್ತದೆ. ಆದ್ದರಿಂದ ‘ಬೂದು ಹಕ್ಕಿ, ಎಲ್ಲೋ ಹಳದಿ ಇತ್ತು’ ಎಂಬ ವರ್ಣನೆ ಎರಡಕ್ಕೂ ಹೊಂದುತ್ತದೆ. ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಹಾಗಾದರೆ ನೋಡಬೇಕಾದ್ದು ಏನು? ಮುಖವನ್ನು ನೋಡಿ. ಬಿಳಿಹುಬ್ಬಿನ ಪಿಕಳಾರಕ್ಕೆ ಕಣ್ಣಿನ ಮೇಲೆ ಸ್ಪಷ್ಟವಾದ ಬಿಳಿಯ ಹುಬ್ಬು, ಕಣ್ಣಿನ ಮೂಲಕ ಕಪ್ಪು ಗೆರೆ, ಕೆಳಗೆ ಮತ್ತೆ ಬಿಳಿಯ ಅರ್ಧಚಂದ್ರ. ಮುಖದ ಮೇಲೆ ಯಾರೋ ಗೆರೆ ಎಳೆದಂತೆ. ಹಳದಿ ಕೊರಳಿನದಕ್ಕೆ ಈ ಗೆರೆಗಳು ಯಾವುವೂ ಇಲ್ಲ; ತಲೆಯೆಲ್ಲ ಹಸಿರು ಬೆರೆತ ಹಳದಿ, ಕೊರಳು ಅಚ್ಚ ಹಳದಿ. ಆ ಹಳದಿ ಎದೆಯ ಬಳಿ ಮುಗಿದು ಅಲ್ಲಿಂದ ಬೂದುಬಣ್ಣ ಶುರುವಾಗುತ್ತದೆ. ಹಾರಿಹೋಗುವಾಗ ಬಾಲದ ತುದಿಯನ್ನು ನೋಡಲು ಕಲಿಯಿರಿ: ಹಳದಿ ಕೊರಳಿನದರ ಬಾಲದ ಹೊರಗರಿಗಳ ತುದಿಯಲ್ಲಿ ತಿಳಿಯಾದ ಹಳದಿ-ಬಿಳಿ ಮಚ್ಚೆ ಇರುತ್ತದೆ. ಹಕ್ಕಿ ಬೆನ್ನು ತಿರುಗಿಸಿ ಹೋದರೂ ಈ ಒಂದು ಗುರುತು ನಿಮಗೆ ದಕ್ಕಬಹುದು.

ಧ್ವನಿಯ ವಿಷಯ ಸ್ವಲ್ಪ ಕಷ್ಟ. ಬಿಳಿಹುಬ್ಬಿನ ಪಿಕಳಾರ ಪೊದೆಯೊಳಗಿಂದ ಇದ್ದಕ್ಕಿದ್ದಂತೆ ಗಡಬಡಿಸಿ ಹಾಡು ಹಾಡಿ ಥಟ್ಟನೆ ನಿಲ್ಲಿಸುತ್ತದೆ. ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಇದನ್ನು ಚೆನ್ನಾಗಿ ಕಿವಿಗೆ ಹಾಕಿಕೊಂಡವನಿಗೆ ಬೇರೆ ಧ್ವನಿ ಬಂದಾಗ ‘ಇದು ಅದಲ್ಲ’ ಎಂದಾದರೂ ಅನ್ನಿಸುತ್ತದೆ. ಇತ್ತೀಚೆಗೆ ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಹೊರಗೆ ಬರಿಸುವ ಚಟ ಬೆಳೆದಿದೆ. ದಯವಿಟ್ಟು ಬೇಡ. ಶತ್ರು ಬಂದನೆಂದು ಹಕ್ಕಿ ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ನಿಮಗೆ ಫೋಟೋ, ಅದಕ್ಕೆ ನಷ್ಟ.

ಮೋಸ ಮಾಡುವ ಸಂಗತಿಗಳು ಇನ್ನೂ ಇವೆ. ಎಳೆಬಿಸಿಲು ಬೂದುಬಣ್ಣವನ್ನೂ ಹೊಂಬಣ್ಣ ಮಾಡಿ ತೋರಿಸುತ್ತದೆ. ಹೂವಿಗೆ ಮುಖವಿಟ್ಟ ಹಕ್ಕಿಯ ಹಣೆಗೂ ಗದ್ದಕ್ಕೂ ಪರಾಗದ ಪುಡಿ ಮೆತ್ತಿಕೊಂಡು, ಇಲ್ಲದ ಬಣ್ಣ ಇದ್ದಂತೆ ಕಾಣುತ್ತದೆ. ಮಧುರಕಂಠವೂ ಹಳದಿಯೇ, ಗೀಜಗದ ಗಂಡೂ ಹಳದಿಯೇ. ಅವು ಗಾತ್ರದಲ್ಲಿ ಚಿಕ್ಕವು. ಎಲ್ಲಕ್ಕಿಂತ ದೊಡ್ಡ ಮೋಸ ನಮ್ಮ ಆಸೆಯದು. ಪುಸ್ತಕದ ಚಿತ್ರವನ್ನು ಒಮ್ಮೆ ನೋಡಿದ ಮೇಲೆ ನೆನಪು ಆ ಚಿತ್ರದ ಬಣ್ಣವನ್ನೇ ಹಾಕಿಕೊಂಡು ಬಿಡುತ್ತದೆ. ಅದಕ್ಕೇ, ಪುಸ್ತಕ ತೆರೆಯುವ ಮೊದಲೇ ಕಂಡದ್ದನ್ನು ಬರೆಯಿರಿ. ಕಾಣದ್ದನ್ನೂ ಬರೆಯಿರಿ: ‘ಹುಬ್ಬು ಕಾಣಲಿಲ್ಲ, ಬಾಲದ ತುದಿ ನೋಡಲಾಗಲಿಲ್ಲ.’ ಒಂದು ಒರಟು ಚಿತ್ರ ಗೀಚಿ ಬಾಣದ ಗುರುತು ಹಾಕಿ. ಕೆಲವೊಮ್ಮೆ ‘ಯಾವುದೋ ಪಿಕಳಾರ’ ಎಂದು ಬರೆದು ಬಿಡಬೇಕಾಗುತ್ತದೆ. ಅದು ಅವಮಾನವಲ್ಲ.

ಸುಳ್ಳು ದಾಖಲೆಯಿಂದ ಆಗುವ ಹಾನಿ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಮಧ್ಯಭಾರತದ ಕಾಡುಗೂಬೆಯೊಂದು ಹತ್ತೊಂಬತ್ತನೆಯ ಶತಮಾನದ ನಂತರ ಕಣ್ಮರೆಯಾಗಿತ್ತು. ಅದರ ಕೊನೆಯ ಮಾದರಿ 1914ರಲ್ಲಿ ಗುಜರಾತಿನ ಕಡೆ ತನಗೆ ಸಿಕ್ಕಿತೆಂದು ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹ್ಯಾಗನ್ ಎಂಬ ಪ್ರಸಿದ್ಧ ಸಂಗ್ರಾಹಕ ಚೀಟಿ ಬರೆದಿಟ್ಟಿದ್ದ. ಜನ ಅಲ್ಲೆಲ್ಲ ಹುಡುಕಿ ಸೋತರು. ಆತ ಸತ್ತು ಎಷ್ಟೋ ವರ್ಷಗಳಾದ ಮೇಲೆ ಪಮೇಲಾ ರಾಸ್ಮುಸೆನ್ ಎಂಬ ವಿದ್ವಾಂಸೆ ಮತ್ತು ಅವರ ಸಹೋದ್ಯೋಗಿಗಳು ಆ ಚರ್ಮದ ಹೊಲಿಗೆಯನ್ನೂ ಒಳಗಿನ ಹತ್ತಿಯನ್ನೂ ಪರೀಕ್ಷಿಸಿ, ಅದು 1880ರ ದಶಕದಲ್ಲಿ ಖಾನದೇಶದಲ್ಲಿ ಜೇಮ್ಸ್ ಡೇವಿಡ್‌ಸನ್ ಸಂಗ್ರಹಿಸಿದ ಹಕ್ಕಿ, ಕದ್ದು ಹೊಸ ಚೀಟಿ ಕಟ್ಟಿದ್ದು ಎಂದು ತೋರಿಸಿದರು. ಆ ಸುಳ್ಳು ಚೀಟಿಯನ್ನು ಬದಿಗಿಟ್ಟು, ಹಳೆಯ ನಿಜವಾದ ಚೀಟಿಗಳ ಜಾಡು ಹಿಡಿದು 1997ರ ನವೆಂಬರಿನಲ್ಲಿ ಖಾನದೇಶಕ್ಕೆ ಹೋದಾಗ ಗೂಬೆ ಹಗಲು ಹೊತ್ತಿನಲ್ಲೇ ಮರದ ಮೇಲೆ ಕುಳಿತಿತ್ತು!

ಇದಕ್ಕೆ ಎದುರಾದ ಕಥೆಯೂ ಉಂಟು. ನಮ್ಮ ಜರ್ಡನ್ನನ ಹೆಸರನ್ನೇ ಹೊತ್ತ, ನೆಲದ ಮೇಲೆ ಓಡಾಡುವ ಒಂದು ನಿಶಾಚರ ಹಕ್ಕಿ 1900ರಲ್ಲಿ ಅನಂತಪುರದ ಬಳಿ ಕಂಡದ್ದೇ ಕೊನೆ, ಮತ್ತೆ ಕಾಣಲಿಲ್ಲ. 1986ರ ಜನವರಿಯಲ್ಲಿ ಮುಂಬಯಿ ಸಂಘದ ಭರತ್ ಭೂಷಣ್ ಅವರು ಕಡಪಾ ಜಿಲ್ಲೆಯಲ್ಲಿ ಅದನ್ನು ಮತ್ತೆ ಕಂಡುಹಿಡಿದರು. ಆದರೆ ರಾತ್ರಿಯ ಹೊತ್ತು ದೀಪದ ಬೆಳಕಿನಲ್ಲಿ ಹಕ್ಕಿಯನ್ನು ಹಿಡಿದುಕೊಟ್ಟದ್ದು ಅಲ್ಲಿನ ಹಳ್ಳಿಯ ಬೇಟೆಗಾರ. ಜರ್ಡನ್ನನ ಕಾಲದಂತೆಯೇ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆ ನಿಮಗೆ ಗೊತ್ತು. ಸುಮಾರು 98 ಹೆಕ್ಟೇರಿನ ಊರ ಕೆರೆ. ಅದು 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು ಪ್ರಕಟವಾಯಿತು. ಅಲ್ಲಿನ ಕೊಕ್ಕರೆಗಳು ದೊಡ್ಡವು, ಸಾವಿರಗಟ್ಟಲೆ, ದಂಡೆಯ ಮೇಲೆ ನಿಂತ ಯಾರಿಗಾದರೂ ಕಾಣುತ್ತವೆ, ಎಣಿಸಬಹುದು. ಬಂಡೆಯ ಸಂದಿಯಲ್ಲಿರುವ ಒಂದು ಜೋಡಿ ಪಿಕಳಾರವನ್ನು ಎಣಿಸುವವರು ಯಾರು? ದರೋಜಿಯ ಗುಡ್ಡ 1994ರಲ್ಲಿ, ಗುಡೇಕೋಟೆಯ ಗುಡ್ಡ 2013ರಲ್ಲಿ ಕರಡಿಯ ಸಲುವಾಗಿ ವನ್ಯಧಾಮಗಳಾದವು. ಕರಡಿಯ ನೆರಳಿನಲ್ಲಿ ಅಲ್ಲಿನ ಸಣ್ಣಪುಟ್ಟ ಜೀವಿಗಳೂ ಬದುಕಿಕೊಂಡವು. ವನ್ಯಧಾಮದ ಗಡಿಯ ಹೊರಗಿನ ಗುಡ್ಡಗಳ ಕಥೆ ಬೇರೆ. ಗ್ರಾನೈಟಿಗೆ ಒಳ್ಳೆಯ ಬೆಲೆ ಇದೆ. ಕಲ್ಲುಗಣಿಗೆ ಒಂದು ಗುಡ್ಡ ಹೋದರೆ ಅಲ್ಲಿನ ಹಕ್ಕಿ ಪಕ್ಕದ ಬಯಲಿಗೆ ಹೋಗಿ ಬದುಕುವುದಿಲ್ಲ ಎಂಬುದನ್ನು ಈಗಾಗಲೇ ನೀವು ಊಹಿಸಿರುತ್ತೀರಿ. ಗುಡ್ಡ ಒಡೆಯುವ ಮೊದಲು ‘ಅಲ್ಲಿ ಏನಿದೆ?’ ಎಂದು ಯಾರಾದರೂ ಕೇಳಿದರೆ, ತೋರಿಸಲು ಒಂದು ಕಾಗದ ಬೇಕು. ಅದು ಪ್ರಶ್ನೆಗಳಿಗೆ ನಿಲ್ಲುವ ಕಾಗದವಾಗಿರಬೇಕು. ಒಬ್ಬ ವಿದ್ಯಾರ್ಥಿಯ ಆತುರದ ತಪ್ಪು ದಾಖಲೆ ಒಂದಿದ್ದರೆ ಸಾಕು, ಉಳಿದ ಹತ್ತು ಸರಿಯಾದ ದಾಖಲೆಗಳನ್ನೂ ಜನ ನಂಬುವುದಿಲ್ಲ.

ಹರಪನಹಳ್ಳಿಯ ಕಡೆಯವರು ಉಚ್ಚಂಗಿದುರ್ಗದಿಂದ ಪ್ರಾರಂಭಿಸಬಹುದು. ಪಾಂಡ್ಯರ ಕೋಟೆಯನ್ನು ನೋಡಲು, ಉತ್ಸವಾಂಬೆಯ ದರ್ಶನಕ್ಕೆ ಹೇಗೂ ಹೋಗುತ್ತೀರಿ. ಜಾತ್ರೆಯ ದಿನ ಬೇಡ. ಜನಸಂದಣಿಯಿಲ್ಲದ ಒಂದು ದಿನ, ಬಿಸಿಲು ಏರುವ ಮುಂಚೆ ಮೆಟ್ಟಿಲ ಬದಿಯ ಬಂಡೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಮೊದಲ ದಿನ ಕಾಣುವುದು ಬಹುಶಃ ಬಿಳಿಹುಬ್ಬಿನದೇ. ಅದರ ಹುಬ್ಬು, ಕಣ್ಣಿನ ಗೆರೆ, ಕೂಗು ಎಲ್ಲವನ್ನೂ ದಿನಾಂಕ, ವೇಳೆ, ಜಾಗದ ಸಮೇತ ಬರೆದುಕೊಳ್ಳಿ. ಹತ್ತು ದಿನ ಅದನ್ನೇ ಬರೆಯಿರಿ. ಹನ್ನೊಂದನೆಯ ದಿನ ಹುಬ್ಬಿಲ್ಲದ ಒಂದು ಹಕ್ಕಿ ಬಂಡೆಯ ಅಂಚಿಗೆ ಬಂದು ಕುಳಿತರೆ, ಪುಸ್ತಕ ತೆರೆಯುವ ಮೊದಲು ಪೆನ್ಸಿಲ್ ಕೈಗೆ ತೆಗೆದುಕೊಳ್ಳಿ.